ಒಡೆಯುವ ಕಲ್ಲಿನ ಲೆಕ್ಕ: ಕೋಲಾರದ ಗಣಿಯಿಂದ ಶಿಲಾ ಯಾಂತ್ರಿಕಿ ಸಂಸ್ಥೆಯವರೆಗೆ

ಒತ್ತಡಕ್ಕೆ ಸಿಕ್ಕ ಕಲ್ಲಿನ ವರ್ತನೆಯನ್ನು ಅಭ್ಯಾಸ ಮಾಡುವ ರಾಷ್ಟ್ರೀಯ ಶಿಲಾ ಯಾಂತ್ರಿಕಿ ಸಂಸ್ಥೆ ಕೇಂದ್ರ ಗಣಿ ಸಚಿವಾಲಯದ ಆಶ್ರಯದಲ್ಲಿ ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಲ್ಲಿ ಆರಂಭವಾದದ್ದು 1988ರಲ್ಲಿ. ಸ್ಮರಣ ಸಂಚಿಕೆಗೆ ಇತಿಹಾಸ ಬರೆಯುವವರು ಇಂಥದೊಂದು ಇಸವಿಯಿಂದ ಹೊರಟು, ನಿರ್ದೇಶಕರ ಪಟ್ಟಿ, ಕಟ್ಟಡದ ಶಂಕುಸ್ಥಾಪನೆ, ಕೈಗೆತ್ತಿಕೊಂಡ ಯೋಜನೆಗಳು ಎಂದು ಮುಂದುವರಿಯುವುದು ವಾಡಿಕೆ. ಈ ಸಂಸ್ಥೆಯ ವಿಷಯದಲ್ಲಿ ಆ ಕ್ರಮ ಹೊಂದುವುದಿಲ್ಲ. ಎಲ್ಲ ಕಡೆ ಮೊದಲು ಸಂಸ್ಥೆ, ಆಮೇಲೆ ಸಂಶೋಧನೆ. ಇಲ್ಲಿ ಮೊದಲು ಬಂದದ್ದು ಸಾವು, ಆಮೇಲೆ ಅದರ ದಾಖಲೆ, ಆಮೇಲೆ ದಾಖಲೆಯನ್ನು ಮುಂದಿಟ್ಟುಕೊಂಡು ನಡೆದ ವಾದವಿವಾದ, ಅದರಿಂದ ಹುಟ್ಟಿದ ಗಣಿತ. ಸಂಸ್ಥೆ ಬಂದದ್ದು ಕಟ್ಟಕಡೆಗೆ, ಚಿನ್ನದ ಗಣಿಯ ಆಯುಸ್ಸು ಮುಗಿಯುತ್ತ ಬಂದಾಗ. ಅದು ಆರಂಭವಾದ ಹದಿಮೂರನೆಯ ವರ್ಷಕ್ಕೆ, 2001ರ ಫೆಬ್ರುವರಿ 28ರಂದು, ಗಣಿಗೆ ಬೀಗ ಬಿತ್ತು. ಆದ್ದರಿಂದ ಈ ಲೇಖನದ ಬಹುಪಾಲು 1988ಕ್ಕೆ ಹಿಂದಿನದು.

ಈಚೆಗೆ ಕೆಜಿಎಫ್ ಎಂದರೆ ಹೊಸ ತಲೆಮಾರಿಗೆ ಸಿನಿಮಾ. ಇರಲಿ. ನಿಜವಾದ ಕೆಜಿಎಫ್‌ನ ಕತೆಯಲ್ಲೂ ಹೊಡೆತಗಳಿಗೆ ಕೊರತೆಯಿಲ್ಲ. ಹೊಡೆಯುತ್ತಿದ್ದದ್ದು ಮಾತ್ರ ಕಲ್ಲು.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಮೈಸೂರು ಗಣಿ, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಾಘಾಟ್ ಎಂದು ಒಂದರ ಪಕ್ಕದಲ್ಲೊಂದು ಗಣಿಗಳು ಎದ್ದವು. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ 92 ಮೈಲಿ ದೂರ ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದದ್ದನ್ನು ಎಲ್ಲರೂ ಬರೆದಿದ್ದಾರೆ. ಕರೆಂಟು ಬಂದದ್ದರಿಂದ ಇನ್ನೂ ಆಳಕ್ಕಿಳಿಯುವುದು ಸಾಧ್ಯವಾಯಿತು, ಆಳ ಹೆಚ್ಚಿದಂತೆ ಅಪಾಯವೂ ಹೆಚ್ಚಿತು ಎಂಬುದನ್ನು ಅಷ್ಟಾಗಿ ಬರೆದಿಲ್ಲ. ಕೋಲಾರದ ಚಿನ್ನ ಅಗಲವಾಗಿ ಹಾಸಿಕೊಂಡಿರಲಿಲ್ಲ. ಹಾರ್ನ್‌ಬ್ಲೆಂಡ್ ಶಿಸ್ಟ್ ಎಂಬ ಕಪ್ಪು ಗಟ್ಟಿ ಶಿಲೆಯ ನಡುವೆ, ಹೆಚ್ಚುಕಡಿಮೆ ನೆಟ್ಟಗೆ ಕೆಳಕ್ಕಿಳಿಯುವ ತೆಳುವಾದ ಬೆಣಚುಕಲ್ಲಿನ ಪದರಗಳಲ್ಲಿ ಅದು ಇತ್ತು. ಅದನ್ನು ಹಿಂಬಾಲಿಸಿದವರಿಗೆ ಕೆಳಗಿಳಿಯುವುದರ ಹೊರತು ಬೇರೆ ದಾರಿ ಇರಲಿಲ್ಲ. ಚಾಂಪಿಯನ್ ರೀಫ್ ಕೊನೆಗೆ ಸುಮಾರು 3,200 ಮೀಟರ್ ಆಳ ಮುಟ್ಟಿತು. ಬಹುಕಾಲ ಅದು ಜಗತ್ತಿನ ಅತಿ ಆಳದ ಗಣಿಗಳಲ್ಲೊಂದಾಗಿತ್ತು.

ಅದಿರು ತೆಗೆದ ಜಾಗದಲ್ಲಿ ಉಳಿಯುವ ಟೊಳ್ಳಿಗೆ ಗಣಿಯವರು ಸ್ಟೋಪ್ ಎನ್ನುತ್ತಾರೆ. ಕೋಲಾರದ ಸ್ಟೋಪ್ ಎಂದರೆ ನಿಂತ ಎರಡು ಕಲ್ಲುಗೋಡೆಗಳ ನಡುವಿನ ಕಿರಿದಾದ ಸಂದು. ಆ ಗೋಡೆಗಳಿಂದ, ಇಲ್ಲವೇ ನಡುವೆ ಬಿಟ್ಟ ಕಲ್ಲಿನ ಕಂಬದಿಂದ, ಮುನ್ಸೂಚನೆಯಿಲ್ಲದೆ ಗುಂಡಿನಂಥ ಸದ್ದಿನೊಡನೆ ಕಲ್ಲು ಸಿಡಿದು ಬರುವುದನ್ನು ಗಣಿಯವರು ಮೊದಲು ಗುರುತಿಸಿದ್ದು 1898ರಲ್ಲಿ, ಇನ್ನೂ ಅಷ್ಟೇನೂ ಆಳಕ್ಕಿಳಿಯದಿದ್ದ ಊರಿಗಾಂ ಗಣಿಯಲ್ಲಿ. ಅದರೊಂದಿಗೆ ಗಾಳಿಯೂ ಜೋರಾಗಿ ನುಗ್ಗಿ ಬರುತ್ತಿದ್ದುದರಿಂದ ಜನ ಅದನ್ನು ಏರ್ ಬ್ಲಾಸ್ಟ್ ಎಂದರು. ತಮಿಳು, ತೆಲುಗು, ಕನ್ನಡ ಯಾವ ಮಾತಿನವರಿಗೂ ಅದೇ ಹೆಸರು. ಶಿಲಾಸ್ಫೋಟ, ರಾಕ್ ಬರ್ಸ್ಟ್ ಎಂಬುವು ನಂತರದ ಪುಸ್ತಕದ ಮಾತುಗಳು.

ಅದೇ 1898ರಲ್ಲಿ ಜರ್ಮನಿಯ ಎಂಜಿನಿಯರ್ ಎರ್ನ್ಸ್ಟ್ ಗುಸ್ತಾವ್ ಕಿರ್ಶ್ ಒಂದು ಪ್ರಬಂಧ ಪ್ರಕಟಿಸಿದ. ನಡುವೆ ದುಂಡನೆಯ ತೂತಿರುವ ತಗಡನ್ನು ಎರಡು ಕಡೆಯಿಂದ ಎಳೆದರೆ ತೂತಿನ ಅಂಚಿನಲ್ಲಿ ಒತ್ತಡ ಎಷ್ಟಾಗುತ್ತದೆ ಎಂಬುದು ಅದರ ವಿಷಯ. ಉತ್ತರ: ಮೂರು ಪಟ್ಟು. ತೂತು ಸಣ್ಣದಿರಲಿ ದೊಡ್ಡದಿರಲಿ, ಅಂಚಿನಲ್ಲಿ ಮೂರೇ ಪಟ್ಟು. ಕೋಲಾರದಲ್ಲಿ ಯಾರೂ ಆ ವರ್ಷ ಕಿರ್ಶ್‌ನನ್ನು ಓದಿರಲಾರರು, ಕಿರ್ಶ್‌ಗೂ ಊರಿಗಾಂ ಎಂಬ ಊರಿರುವುದು ಗೊತ್ತಿರಲಿಕ್ಕಿಲ್ಲ. ಸಮಸ್ಯೆಯೂ ಅದನ್ನು ಬಿಡಿಸುವ ಕೀಲಿಯೂ ಒಂದೇ ವರ್ಷ ಕಾಣಿಸಿಕೊಂಡವು; ಅವೆರಡೂ ಒಂದೆಡೆ ಸೇರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಆ ಕೀಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲವಾದರೆ ಮುಂದಿನ ಜಗಳ ಅರ್ಥವಾಗುವುದಿಲ್ಲ. ಮೂರು ಕಿಲೋಮೀಟರ್ ಆಳದಲ್ಲಿರುವ ಕಲ್ಲಿನ ಮೇಲೆ ಮೂರು ಕಿಲೋಮೀಟರ್ ಕಲ್ಲಿನ ಭಾರ ಕೂತಿರುತ್ತದೆ. ಕೋಲಾರದ ಶಿಲೆಯ ಸಾಂದ್ರತೆ ನೀರಿನ ಸಾಂದ್ರತೆಯ 2.9 ಪಟ್ಟು ಎಂದಿಟ್ಟುಕೊಂಡರೆ, ಚದರ ಮೀಟರಿಗೆ ಸುಮಾರು 8,700 ಟನ್. ಅಲ್ಲಿ ಒಂದು ಸುರಂಗ ಕೊರೆದರೆ ಆ ಭಾರವೇನೂ ಇಲ್ಲವಾಗುವುದಿಲ್ಲ. ಹೊಳೆಯ ನಡುವಿನ ಬಂಡೆಯನ್ನು ನೀರು ಬಳಸಿಕೊಂಡು ಹೋಗುವಂತೆ ಭಾರವೂ ಟೊಳ್ಳನ್ನು ಬಳಸಿಕೊಂಡು ಹೋಗುತ್ತದೆ, ಅಂಚುಗಳಲ್ಲಿ ಒತ್ತಿಕೊಳ್ಳುತ್ತದೆ. ಎಲ್ಲ ದಿಕ್ಕಿನಿಂದ ಸಮನಾದ ಒತ್ತಡವಿದ್ದರೆ ಅಂಚಿನಲ್ಲಿ ಎರಡು ಪಟ್ಟು, ಒಂದೇ ದಿಕ್ಕಿನಿಂದಾದರೆ ಮೂರು ಪಟ್ಟು. ಎರಡು ಸ್ಟೋಪ್‌ಗಳ ನಡುವೆ ಕಂಬದಂತೆ ಉಳಿಸಿದ ಕಲ್ಲಿಗೆ ಆಚೆಯ ಭಾರವೂ ಈಚೆಯ ಭಾರವೂ ಬಂದು ಬೀಳುತ್ತದೆ.

ಒತ್ತಡ ಹೆಚ್ಚಾದರೆ ಕಲ್ಲು ಒಡೆಯುತ್ತದೆ ಎಂಬುದು ಎಲ್ಲರಿಗೂ ತಿಳಿಯುವ ಮಾತು. ಅದು ಸಿಡಿಯುವುದೇಕೆ ಎನ್ನುವುದೇ ಪ್ರಶ್ನೆ. ಮೃದುವಾದ ಶಿಲೆ ಒತ್ತಿದರೆ ಬಾಗುತ್ತದೆ, ಜರಿಯುತ್ತದೆ. ಕೋಲಾರದ ಶಿಸ್ಟ್ ಮತ್ತು ಬೆಣಚುಕಲ್ಲು ಹಾಗಲ್ಲ. ಕೊನೆಯ ಗಳಿಗೆಯವರೆಗೂ ಒತ್ತಡ ಹೊತ್ತು ತಡೆದುಕೊಂಡು, ತಡೆಯಲಾರದಾದಾಗ ಒಂದೇ ಏಟಿಗೆ ಎಲ್ಲವನ್ನೂ ಬಿಟ್ಟುಕೊಡುತ್ತವೆ. ಒರಟು ಲೆಕ್ಕ ಹಾಕಿ ನೋಡಿದರೆ, ಮೇಲೆ ಹೇಳಿದ ಒತ್ತಡದಲ್ಲಿರುವ ಒಂದು ಘನ ಮೀಟರ್ ಶಿಲೆಯಲ್ಲಿ ಅಡಗಿರುವ ಸ್ಥಿತಿಸ್ಥಾಪಕ ಶಕ್ತಿ ಆ ಶಿಲೆಯನ್ನೇ ಒಂದೂವರೆ ಮೀಟರ್ ಮೇಲೆತ್ತಲು ಸಾಕು. ಒತ್ತಡ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಆಗ ಆರು ಮೀಟರ್. ಇನ್ನು ಸಿಡಿತದಲ್ಲಿ ಬಿಡುಗಡೆಯಾಗುವುದು ಒಂದು ಘನ ಮೀಟರಿನ ಶಕ್ತಿಯಲ್ಲ, ಸುತ್ತಲಿನ ಸಾವಿರಾರು ಘನ ಮೀಟರುಗಳದು. ಕೆಳಗೆ ಸಿಡಿದದ್ದಕ್ಕೆ ಮೇಲೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಮನೆಗಳಲ್ಲಿ ಪಾತ್ರೆ ಅಲುಗಾಡುವುದೇಕೆ ಎಂದು ಇದರಿಂದ ತಿಳಿಯುತ್ತದೆ.

ಈ ವಿವರಣೆ ಇವತ್ತು ಒಂದು ಪುಟದಲ್ಲಿ ಮುಗಿಯುತ್ತದೆ. ಇದನ್ನು ಒಪ್ಪಿಕೊಳ್ಳಲು ಗಣಿಗೆ ಬೇಕಾದದ್ದು ಎರಡು ತಲೆಮಾರು.

ದಾಖಲೆಯ ಕೆಲಸವನ್ನು ಗಂಭೀರವಾಗಿ ಹಿಡಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯವರು. 1894ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ನೇತೃತ್ವದಲ್ಲಿ ಶುರುವಾದ ಈ ಇಲಾಖೆಗೆ ಅವರ ನಂತರ ಬಂದವರು ಡಬ್ಲ್ಯು. ಎಫ್. ಸ್ಮೀತ್. ಕೋಲಾರದ ಏರ್ ಬ್ಲಾಸ್ಟ್ ಮತ್ತು ಕಂಪನಗಳ ಮೇಲೆ ಸ್ಮೀತ್ ಬರೆದ ಬುಲೆಟಿನ್ 1904ರಲ್ಲಿ ಪ್ರಕಟವಾಯಿತು. ಈ ವಿಷಯದ ಮೇಲೆ ಜಗತ್ತಿನಲ್ಲೇ ಮೊದಮೊದಲು ಬಂದ ಬರಹಗಳ ಸಾಲಿಗೆ ಅದು ಸೇರುತ್ತದೆ. ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಲ್ಲಿ ಗಣಿಕಂಪನಗಳನ್ನು ವಿಚಾರಿಸಲು ಸರ್ಕಾರ ಸಮಿತಿ ನೇಮಿಸಿದ್ದು 1908ರಲ್ಲಿ. 1912ರಲ್ಲಿ ಕೋಲಾರಕ್ಕೆ ಭೂಕಂಪಮಾಪಕವೂ ಬಂತು. ಚಿನ್ನದ ಗಣಿಯ ಮೇಲೆ ಭೂಕಂಪಮಾಪಕ ಕೂರಿಸುವುದು ಎಂದರೆ ಏನರ್ಥ ಎಂದು ಯೋಚಿಸಿ: ಭೂಮಿಯ ಈ ನಡುಕ ತಾನಾಗಿ ಹುಟ್ಟಿದ್ದಲ್ಲ, ನಾವು ಅಗೆದದ್ದರಿಂದ ಹುಟ್ಟಿದ್ದು ಎಂಬ ಅನುಮಾನವನ್ನು ಸರ್ಕಾರವೇ ಲಿಖಿತವಾಗಿ ಒಪ್ಪಿಕೊಂಡ ಹಾಗೆ. ಆಡಳಿತದ ದೃಷ್ಟಿಯಿಂದ ಇದು ಧೈರ್ಯದ ಕೆಲಸ ಎಂದೇ ನನ್ನ ಎಣಿಕೆ.

ಇತ್ತ ಗಣಿಯೊಳಗಿನವರಿಗೆ ನಡುಕದ ಗ್ರಾಫ್‌ಗಿಂತ ತುರ್ತಾಗಿ ಬೇಕಾಗಿದ್ದದ್ದು ಗೋಡೆಗೆ ಕೊಡುವ ಆಸರೆ. ಮೊದಲ ದಿನಗಳಲ್ಲಿ ಮರದ ದಿಮ್ಮಿ. ಮರ ಭಾರಕ್ಕೆ ಕುಗ್ಗುತ್ತದೆ, ಕುಗ್ಗಿದಷ್ಟೂ ಗೋಡೆಗಳು ಹತ್ತಿರ ಸರಿಯುತ್ತವೆ, ಅಷ್ಟೂ ಭಾರ ಉಳಿದ ಕಲ್ಲುಕಂಬಗಳಿಗೆ ಹೋಗುತ್ತದೆ. ಬೆಂಕಿಯ ಭಯ ಬೇರೆ. ಕ್ರಮೇಣ ಮರದ ಜಾಗಕ್ಕೆ ಗ್ರಾನೈಟ್ ಬಂತು. ಮೇಲೆ ಕಡಿದು ಸರಿಮಾಡಿದ ಗ್ರಾನೈಟ್ ಕಲ್ಲುಗಳನ್ನು ಶಾಫ್ಟ್‌ನಲ್ಲಿ ಇಳಿಸಿ, ಸ್ಟೋಪ್‌ನ ಸಂದಿನಲ್ಲಿ ಗೋಡೆ ಕಟ್ಟುವ ಪದ್ಧತಿ ಅದು. ಕಲ್ಲು ತೆಗೆದ ಜಾಗಕ್ಕೆ ಕಲ್ಲನ್ನೇ ಮತ್ತೆ ಕಳಿಸುವುದು ದುಬಾರಿ ಎಂದು ಮಾಲೀಕರು ಗೊಣಗಿದ್ದರೆ ಆಶ್ಚರ್ಯವಿಲ್ಲ. ಆದರೆ ಯಂತ್ರಶಾಸ್ತ್ರದ ಪ್ರಕಾರ ಇದು ಸರಿಯಾದ ನಡೆ. ಆಸರೆ ಬಿಗಿಯಾದಷ್ಟೂ ಗೋಡೆ ಸರಿಯುವುದು ಕಡಿಮೆ, ಗೋಡೆ ಸರಿಯುವುದು ಕಡಿಮೆಯಾದಷ್ಟೂ ಬಿಡುಗಡೆಯಾಗುವ ಶಕ್ತಿಯೂ ಕಡಿಮೆ. ಇನ್ನೂ ಆಳಕ್ಕೆ ಹೋದಾಗ ಗ್ರಾನೈಟ್ ಜೊತೆಗೆ ಕಾಂಕ್ರೀಟೂ ಬಂತು.

ಅರವತ್ತೈದು ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಲ್ಲಿನ ಮಗ್ಗುಲಲ್ಲಿ ನಿಂತು ಈ ಗೋಡೆಗಳನ್ನು ಕಟ್ಟಿದವರು ಬಹುಪಾಲು ಉತ್ತರ ಆರ್ಕಾಟು, ಸೇಲಂ ಸೀಮೆಗಳಿಂದ ಬಂದ ತಮಿಳು ದಲಿತ ಕಾರ್ಮಿಕರು. ಯಾವ ಗೋಡೆ ‘ಮಾತಾಡುತ್ತಿದೆ’, ಎಲ್ಲಿ ಸಣ್ಣ ಚಕ್ಕೆ ಉದುರುತ್ತಿದೆ, ಯಾವ ಮೂಲೆಯಿಂದ ದೂರವಿರಬೇಕು ಎಂಬುದನ್ನು ಎಲ್ಲರಿಗಿಂತ ಮೊದಲು ಅರಿಯುತ್ತಿದ್ದವರು ಅವರೇ. ಶಿಲಾಸ್ಫೋಟದ ಬಗ್ಗೆ ಬಂದ ಪ್ರಬಂಧಗಳ ಲೇಖಕರ ಪಟ್ಟಿಯಲ್ಲಿ ಅವರಿಲ್ಲ. ಪ್ರಬಂಧಗಳಲ್ಲಿನ ‘ಗಮನಿಸಲಾಗಿದೆ’ ಎಂಬ ಕ್ರಿಯಾಪದದ ಹಿಂದೆ ಅವರಿದ್ದಾರೆ.

ಈಗ ವಾದವಿವಾದಕ್ಕೆ ಬರೋಣ. ನನ್ನ ಮಟ್ಟಿಗೆ ಈ ಇತಿಹಾಸದ ಜೀವಾಳ ಅದು. ಕೋಲಾರದ ಗಣಿ ಅಧಿಕಾರಿಗಳಿಗೆ ತಮ್ಮದೇ ಒಂದು ಗಣಿಗಾರಿಕೆ ಮತ್ತು ಲೋಹಶಾಸ್ತ್ರ ಸಂಘವಿತ್ತು, ಅದರದೊಂದು ಬುಲೆಟಿನ್ ಇತ್ತು. ಲಂಡನ್ನಿನ ಗಣಿಗಾರಿಕೆ ಮತ್ತು ಲೋಹಶಾಸ್ತ್ರ ಸಂಸ್ಥೆಯ ವರದಿ ಸಂಪುಟಗಳಲ್ಲಿ ಪ್ರಬಂಧದ ಬೆನ್ನಿಗೇ ಅದರ ಮೇಲಿನ ಚರ್ಚೆಯನ್ನೂ ಅಚ್ಚು ಹಾಕುವ ಸಂಪ್ರದಾಯವಿತ್ತು. ಒಬ್ಬ ತನ್ನ ಗಣಿಯ ಅನುಭವ ಮಂಡಿಸಿದರೆ ಮತ್ತೊಬ್ಬ ಎದ್ದು ನಿಂತು ‘ನಮ್ಮಲ್ಲಿ ಹಾಗಲ್ಲ’ ಎನ್ನಬಹುದಿತ್ತು, ಆ ಮಾತೂ ಮುದ್ರಣವಾಗಿ ಉಳಿಯುತ್ತಿತ್ತು. ಇಂದಿನ ಪತ್ರಿಕೆಗಳಲ್ಲಿ ಪ್ರಬಂಧವನ್ನು ಮುಂಚೆಯೇ ಗುಟ್ಟಾಗಿ ಪರಿಶೀಲಿಸುತ್ತಾರೆ. ಓದುಗನ ಕೈಗೆ ಬರುವುದು ತೀರ್ಪಾದ ಮೇಲಿನ ಪ್ರತಿ. ಹಳೆಯ ಪದ್ಧತಿಯಲ್ಲಿ ವಿಚಾರಣೆಯೇ ಓದುಗನ ಎದುರಿಗೆ ನಡೆಯುತ್ತಿತ್ತು. ಕಲಿಯುವವರಿಗೆ ಅದೇ ಮೇಲು.

ವಾದದ ತಿರುಳು ಸ್ಥೂಲವಾಗಿ ಹೀಗೆ. ಒಂದು ಪಕ್ಷದವರಿಗೆ ಪ್ರತಿ ಸ್ಫೋಟವೂ ಬೇರೆ ಬೇರೆ. ಅಲ್ಲೊಂದು ಡೈಕ್, ಅಂದರೆ ಶಿಲೆಯನ್ನು ಸೀಳಿ ನಿಂತ ಬೇರೆ ಕಲ್ಲಿನ ಪದರ, ಅಡ್ಡ ಬಂದಿದೆ, ಇಲ್ಲೊಂದು ಸ್ತರಭಂಗವಿದೆ, ಗಣಿಯ ಮೇಲ್ವಿಚಾರಕನಾದ ಅನುಭವಸ್ಥ ಕ್ಯಾಪ್ಟನ್ ನೋಡಿ ಹೇಳಬೇಕೇ ಹೊರತು ಸೂತ್ರದಿಂದ ಆಗುವ ಕೆಲಸವಲ್ಲ. ಇನ್ನೊಂದು ಪಕ್ಷಕ್ಕೆ ಇಡೀ ಗಣಿಯೇ ಒಂದು ಸ್ಥಿತಿಸ್ಥಾಪಕ ವಸ್ತು. ಎಲ್ಲಿ ಎಷ್ಟು ಟೊಳ್ಳು ಮಾಡಿದ್ದೇವೆ ಎಂಬುದು ನಕ್ಷೆಯಲ್ಲಿದ್ದರೆ ಎಲ್ಲಿ ಒತ್ತಡ ಕೂಡಿಕೊಂಡಿದೆ ಎಂಬುದನ್ನು ಲೆಕ್ಕ ಹಾಕಬಹುದು. 1950ರ ದಶಕದಲ್ಲಿ ಈ ಎರಡನೆಯ ಪಕ್ಷಕ್ಕೆ ಬಲ ಬಂತು. 1955ರಲ್ಲಿ ಕೋಲಾರದ ಶಿಲಾಸ್ಫೋಟಗಳ ಕುರಿತ ವಿಶೇಷ ಸಮಿತಿಯ ವರದಿ ಹೊರಬಿತ್ತು. ಕೋಲಾರದ ಸಂಶೋಧನೆಯಲ್ಲಿ ತೊಡಗಿದ್ದ ಇ. ಡಿ ಸೇಂಟ್ ಕ್ಯೂ. ಐಸಾಕ್ಸನ್ ಗಣಿಯ ಶಿಲಾ ಒತ್ತಡಕ್ಕೆ ಗಣಿತದ ಚೌಕಟ್ಟು ಕೊಟ್ಟು, 1958ರಲ್ಲಿ ‘ರಾಕ್ ಪ್ರೆಶರ್ ಇನ್ ಮೈನ್ಸ್’ ಎಂಬ ಪುಸ್ತಕ ಪ್ರಕಟಿಸಿದರು. ಅಂತರರಾಷ್ಟ್ರೀಯ ಶಿಲಾ ಯಾಂತ್ರಿಕಿ ಸಂಘ ಆಸ್ಟ್ರಿಯದ ಸಾಲ್ಸ್‌ಬರ್ಗ್‌ನಲ್ಲಿ ಹುಟ್ಟಿದ್ದು 1962ರಲ್ಲಿ. ಆ ಶಾಸ್ತ್ರಕ್ಕೆ ಒಂದು ಸಂಘ ಸಿಗುವ ಮುಂಚೆಯೇ ಅದಕ್ಕೆ ಕೋಲಾರದ ಅನುಭವದಿಂದ ಒಂದು ಪುಸ್ತಕ ಸಿಕ್ಕಿತ್ತು.

ಗಣಿತ ಗಣಿಗೆ ಕಲಿಸಿದ ಮುಖ್ಯ ಪಾಠ ಅಗೆಯುವ ಕ್ರಮದ್ದು. ಎರಡು ಕಡೆಯಿಂದ ಒಂದನ್ನೊಂದು ಎದುರುಗೊಳ್ಳುವಂತೆ ಅಗೆದುಕೊಂಡು ಬಂದರೆ ನಡುವಿನ ಕಲ್ಲುಕಂಬ ದಿನದಿನಕ್ಕೆ ಸಣ್ಣದಾಗುತ್ತದೆ, ಅದರ ಮೇಲಿನ ಹೊರೆ ದಿನದಿನಕ್ಕೆ ದೊಡ್ಡದಾಗುತ್ತದೆ. ಕೊನೆಯ ಕೆಲವು ಅಡಿಗಳಲ್ಲಿ ಅದು ಸಿಡಿಯದಿದ್ದರೇ ಅಚ್ಚರಿ. ಅಲ್ಲಲ್ಲಿ ತುಂಡು ತುಂಡಾಗಿ ಕಲ್ಲು ಬಿಟ್ಟುಬರುವುದೂ ಅಷ್ಟೇ ಅಪಾಯಕರ. ಹಾಗಾಗಿ ನಡುವಿನಿಂದ ಹೊರಕ್ಕೆ, ಟೊಳ್ಳಿನ ಕಡೆಯಿಂದ ಗಟ್ಟಿ ನೆಲದ ಕಡೆಗೆ, ಹಿಂದೆ ಏನನ್ನೂ ಉಳಿಸದೆ, ಬಿಟ್ಟ ಜಾಗವನ್ನು ಕೂಡಲೇ ಕಲ್ಲು ಅಥವಾ ಕಾಂಕ್ರೀಟಿನಿಂದ ತುಂಬುತ್ತ ಸಾಗಬೇಕು. ಹೇಳುವುದಕ್ಕೆ ಸುಲಭ. ಚಿನ್ನ ಎಲ್ಲಿ ಚೆನ್ನಾಗಿದೆಯೋ ಅಲ್ಲಿ ಮೊದಲು ಅಗೆಯಬೇಕೆಂಬ ಆಸೆಯನ್ನು ಹತ್ತಿಕ್ಕಿ ಇದನ್ನು ಮಾಡಬೇಕು. ತಿಂಗಳ ಉತ್ಪಾದನೆಯ ಲೆಕ್ಕ ಕೇಳುವವರ ಮುಂದೆ ಇದು ಕಷ್ಟದ ವಾದ. ಅದಲ್ಲದೆ ಹಿಂದಿನ ಎಪ್ಪತ್ತು ವರ್ಷ ಮನಬಂದಂತೆ ಅಗೆದು ಬಿಟ್ಟ ಕಂಬಗಳನ್ನು ಯಾವ ಹೊಸ ಕ್ರಮವೂ ಸರಿಪಡಿಸಲಾರದು. 1962ರಲ್ಲಿ ಚಾಂಪಿಯನ್ ರೀಫ್‌ನ ಗ್ಲೆನ್ ಭಾಗದಲ್ಲಿ ನಡೆದ ಸರಣಿ ಸ್ಫೋಟ ಇದನ್ನು ಮತ್ತೆ ನೆನಪಿಸಿತು. ಇಂಥದನ್ನು ಗಣಿಯವರು ಏರಿಯಾ ರಾಕ್ ಬರ್ಸ್ಟ್ ಎನ್ನುತ್ತಾರೆ: ಒಂದು ಕಡೆ ಸಿಡಿದದ್ದು ಪಕ್ಕದ ಕಂಬದ ಮೇಲೆ ಹೊರೆ ಹೇರಿ, ಅದು ಮತ್ತೊಂದರ ಮೇಲೆ ಹೇರಿ, ಇಡೀ ಒಂದು ಪ್ರದೇಶ ಕಂತು ಕಂತಾಗಿ ಒಡೆಯುವುದು.

ಒಡೆತನವೂ ಈ ಅವಧಿಯಲ್ಲಿ ಕೈ ಬದಲಾಯಿಸುತ್ತಲೇ ಇತ್ತು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್. ಮಾಲೀಕರು ಬದಲಾದರೂ ಸ್ಫೋಟಗಳ ಲೆಕ್ಕ ಬರೆಯುವುದು ಮಾತ್ರ ನಿಲ್ಲಲಿಲ್ಲ. ಕೋಲಾರದಲ್ಲಿ ನಡೆದ ನೆಲನಿಯಂತ್ರಣ, ಅಂದರೆ ಗಣಿಯ ಕಲ್ಲು ಕುಸಿಯದಂತೆ ತಡೆಯುವ, ಸಂಶೋಧನೆಯ ಮೇಲೆ ಜೆ. ಟಿ. ಎಂ. ಟೇಲರ್ ಅವರ ದೊಡ್ಡ ಪ್ರಬಂಧ 1960ರ ದಶಕದ ಮೊದಲ ವರ್ಷಗಳಲ್ಲಿ ಲಂಡನ್ನಿನ ಆ ಸಂಪುಟಗಳಲ್ಲೇ ಬಂತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನೆವಿಲ್ ಕುಕ್, ಮಿಕ್ಲೋಸ್ ಸಾಲಮನ್ ಮುಂತಾದವರು ಬಿಡುಗಡೆಯಾಗುವ ಶಕ್ತಿಯನ್ನೇ ಅಪಾಯದ ಅಳತೆಗೋಲಾಗಿ ಮಾಡಿಕೊಂಡರು. 1966ರಲ್ಲಿ ಬಂದ ಅವರ ಪ್ರಬಂಧವನ್ನು ಇಡೀ ಜಗತ್ತು ಉಲ್ಲೇಖಿಸುತ್ತದೆ. ಅವರಿಗೆ ಅಲ್ಲಿನ ವಿಟ್‌ವಾಟರ್ಸ್‌ರಾಂಡ್ ಚಿನ್ನದ ಗಣಿಗಳ ಅಪಾರ ಹಣ, ಕಂಪ್ಯೂಟರು, ಗಣಿ ಮಾಲೀಕರ ಒಕ್ಕೂಟದ ಬೆಂಬಲ ಇತ್ತು. ನಮ್ಮಲ್ಲಿ ಚಿನ್ನದ ಇಳುವರಿ ಇಳಿಯುತ್ತಿತ್ತು. ಹೋಲಿಸಿ ಕೊರಗುವುದಕ್ಕಿಂತ, ಅಷ್ಟು ಕಡಿಮೆಯಲ್ಲಿ ಇಷ್ಟು ಉಳಿಸಿಕೊಂಡದ್ದನ್ನು ಎಣಿಸುವುದೇ ನ್ಯಾಯ.

ಇದೇ ಕಲ್ಲನ್ನು ಇನ್ನೊಂದು ಕಣ್ಣಿನಿಂದ ನೋಡಿದವರೂ ಇದ್ದರು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ 1950ರ ದಶಕದ ಆರಂಭದಲ್ಲೇ ಕಾಸ್ಮಿಕ್ ಕಿರಣಗಳನ್ನು ಅಳೆಯಲು ಇಲ್ಲಿ ಇಳಿದಿದ್ದರು. 1965ರಲ್ಲಿ ಚಾಂಪಿಯನ್ ರೀಫ್‌ನ ಹೀತ್‌ಕೋಟ್ ಶಾಫ್ಟ್ ಬಳಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೊಗಳನ್ನು ಪತ್ತೆಹಚ್ಚಿದರು. ಅವರಿಗೆ ಬೇಕಾದದ್ದು ಮೇಲಿನ ಕಲ್ಲಿನ ದಪ್ಪ. ಬೇಡದ ಕಿರಣಗಳನ್ನು ಅದು ಸೋಸುತ್ತಿತ್ತು. ಗಣಿ ಎಂಜಿನಿಯರಿಗೆ ಬೇಡವಾದದ್ದೂ ಅದೇ ದಪ್ಪ.

ಎಪ್ಪತ್ತರ ದಶಕದ ಕೊನೆಗೆ ಭಾಭಾ ಅಣು ಸಂಶೋಧನಾ ಕೇಂದ್ರದ ಸಹಕಾರದಿಂದ ಗಣಿಯ ಸುತ್ತ ನೆಲದ ಕಂಪನ ಹಿಡಿಯುವ ಜಿಯೋಫೋನ್‌ಗಳ ಜಾಲ ಬಂತು. ಆ ಕೇಂದ್ರ ಬೇರೆ ಉದ್ದೇಶಕ್ಕೆ, ಅಂದರೆ ಪರಮಾಣು ಪರೀಕ್ಷೆಗಳ ಕಂಪನ ಹಿಡಿಯಲು, 1965ರಲ್ಲಿ ಗೌರಿಬಿದನೂರಿನಲ್ಲಿ ನಿರ್ಮಿಸಿದ್ದ ಉಪಕರಣ ಸಾಲು ನೂರು ಕಿಲೋಮೀಟರಿಗೂ ಹೆಚ್ಚು ದೂರದಿಂದ ಕೋಲಾರದ ಸ್ಫೋಟಗಳನ್ನೂ ದಾಖಲಿಸುತ್ತಿತ್ತು. ಹಲವು ಜಿಯೋಫೋನ್‌ಗಳಿಗೆ ಅಲೆ ತಲುಪುವ ಹೊತ್ತಿನ ಸಣ್ಣ ವ್ಯತ್ಯಾಸದಿಂದ, ಸಿಡಿದದ್ದು ಎಲ್ಲಿ ಎಂಬುದನ್ನು ಈಗ ಕೆಳಗಿಳಿಯದೆಯೇ ಗುರುತಿಸಬಹುದಾಯಿತು. ಯಾವಾಗ ಸಿಡಿಯುತ್ತದೆ ಎಂಬುದನ್ನು ಮಾತ್ರ ಇವತ್ತಿಗೂ ಯಾವ ಉಪಕರಣವೂ ಖಚಿತವಾಗಿ ಹೇಳುವುದಿಲ್ಲ. ಸಣ್ಣ ಸದ್ದುಗಳು ಒಂದೆಡೆ ದಟ್ಟವಾದರೆ ಅಲ್ಲಿಂದ ಜನರನ್ನು ಹೊರಡಿಸುವುದು, ಅಷ್ಟೇ.

1988ರಲ್ಲಿ ಶಿಲಾ ಯಾಂತ್ರಿಕಿ ಸಂಸ್ಥೆ ಆರಂಭವಾದಾಗ ಅದರ ಕೈಗೆ ಬಂದ ಆಸ್ತಿ ಇದು: ತೊಂಬತ್ತು ವರ್ಷಗಳ ಸ್ಫೋಟದ ದಾಖಲೆ, ಅದನ್ನು ಓದಬಲ್ಲ ಮಂದಿ, ಕೂಗಳತೆಯಲ್ಲಿ ಮೂರು ಕಿಲೋಮೀಟರ್ ಆಳದ ಪ್ರಯೋಗಾಲಯ. ಪ್ರಯೋಗಾಲಯ ಹದಿಮೂರು ವರ್ಷಕ್ಕೆ ಕೈತಪ್ಪಿತು. ಗಣಿ ಮುಚ್ಚಿ ಪಂಪುಗಳು ನಿಂತ ಮೇಲೆ ಟೊಳ್ಳುಗಳಲ್ಲಿ ನೀರು ಏರತೊಡಗಿತು. ನೀರು ಏರಿದಂತೆ ಹಳೆಯ ಬಿರುಕುಗಳಲ್ಲಿ ಹೊಸ ಕಂಪನ. ಅಗೆಯುವುದು ನಿಂತ ಮೇಲೂ ನಡುಗುವ ಗಣಿಯನ್ನು ಅಳೆಯುವ ಕೆಲಸ ಸಂಸ್ಥೆಗೆ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ಚಿನ್ನಕ್ಕಾಗಿ ಕಲಿತದ್ದು ನೀರು ಮತ್ತು ವಿದ್ಯುತ್ತಿನ ಕಡೆ ಹೊರಳಿತು. ಭೂತಾನಿನ 1,020 ಮೆಗಾವಾಟ್ ಸಾಮರ್ಥ್ಯದ ತಾಲಾ ಯೋಜನೆಯ ಭೂಗತ ವಿದ್ಯುದಾಗಾರದಲ್ಲಿ ಗೋಡೆಗೆ ಬಿಗಿದ ಉಕ್ಕಿನ ರಾಕ್ ಬೋಲ್ಟ್‌ಗಳು ತುಂಡಾಗತೊಡಗಿದವು. ಅಲ್ಲಿನ ಗೋಡೆಗಳ ಸೂಕ್ಷ್ಮ ಕಂಪನಗಳನ್ನು ಆಲಿಸಲು ಹೋದದ್ದು ಈ ಸಂಸ್ಥೆ. ಹಿಮಾಲಯದ ಕಲ್ಲು ಕೋಲಾರದ ಕಲ್ಲಿಗಿಂತ ತೀರ ಬೇರೆ, ಮೆದು, ಮುರುಕು. ಆಲಿಸುವ ವಿದ್ಯೆ ಮಾತ್ರ ಚಾಂಪಿಯನ್ ರೀಫ್‌ನದು.

ರಾಯಚೂರು ಜಿಲ್ಲೆಯ ಹಟ್ಟಿ ಈಗ ದೇಶದ ಮುಖ್ಯ ಚಿನ್ನದ ಗಣಿ. ಅದೂ ಕಿಲೋಮೀಟರ್ ಆಸುಪಾಸಿನ ಆಳಕ್ಕೆ ಇಳಿಯುತ್ತಿದೆ. ಶಾಫ್ಟ್ ಸುತ್ತ ಎಷ್ಟು ಕಲ್ಲು ಬಿಡಬೇಕು, ಯಾವ ಸ್ಟೋಪ್ ಮೊದಲು, ಯಾವುದು ಆಮೇಲೆ, ತುಂಬಿಸುವುದು ಯಾವುದರಿಂದ ಎಂಬ ಪ್ರಶ್ನೆಗಳು ಅಲ್ಲಿ ಈಗ ದಿನನಿತ್ಯದವು. ಹಟ್ಟಿಯ ಎಂಜಿನಿಯರುಗಳು ಇದಕ್ಕೆ ಶಿಲಾ ಯಾಂತ್ರಿಕಿ ಸಂಸ್ಥೆಯ ನೆರವು ಪಡೆಯುತ್ತಾರೆ. ಕೋಲಾರದ ಸ್ಫೋಟಗಳ ಪೂರ್ತಿ ದಾಖಲೆಯನ್ನು, ಸ್ಮೀತ್ ಕಾಲದ ಬುಲೆಟಿನ್‌ನಿಂದ ಜಿಯೋಫೋನ್ ಜಾಲದ ಕೊನೆಯ ಸುರುಳಿಯವರೆಗೆ, ಆ ಹಳೆಯ ಚರ್ಚೆಗಳ ಸಮೇತ ಒಂದೇ ಕಡೆ ಅಚ್ಚು ಹಾಕಿಸುವುದನ್ನು ಸಂಸ್ಥೆ ತನ್ನ ಮುಂದಿನ ಕೆಲಸವಾಗಿ ಎತ್ತಿಕೊಂಡರೆ, ಹಟ್ಟಿಯ ಹೊಸ ಲೆವೆಲ್‌ಗಳ ನಕ್ಷೆ ಬಿಡಿಸುವವರ ಮೇಜಿನ ಮೇಲೆ ಮೊದಲು ಇರಬೇಕಾದ ಪುಸ್ತಕ ಅದೇ ಆಗುತ್ತದೆ.